ಯಾವುದು ಆಟ, ಯಾವುದು ಪ್ರದರ್ಶನ?

ಮೂವರು ಹುಡುಗಿಯರು ತಮ್ಮ ಕೈಗಳನ್ನು ಹೆಣೆದು ಪೀಠ ಮಾಡಿ ನಾಲ್ಕನೆಯವಳನ್ನು ಅದರ ಮೇಲೆ ನಿಲ್ಲಿಸಿಕೊಳ್ಳುತ್ತಾರೆ. ಒಂದು, ಎರಡು ಎಂದು ಎಣಿಸಿ ಒಮ್ಮೆಲೇ ಮೇಲಕ್ಕೆ ಎಸೆಯುತ್ತಾರೆ. ಅವಳು ಗಾಳಿಯಲ್ಲಿ ಗಿರಗಿರನೆ ತಿರುಗಿ, ಕಾಲು ಚಾಚಿ, ಮತ್ತೆ ಅದೇ ಕೈಗಳ ತೊಟ್ಟಿಲಿಗೆ ಬಂದು ಬೀಳುತ್ತಾಳೆ. ಹಿಡಿಯುವ ಕೈ ಒಂದು ಗೇಣು ಆಚೀಚೆಯಾದರೂ ಕತ್ತಿಗೆ ಅಪಾಯ. ಇದಕ್ಕೆ ಬೇಕಾದ ಬಲ, ಸಮತೋಲನ, ಧೈರ್ಯ, ತಿಂಗಳುಗಟ್ಟಲೆ ಅಭ್ಯಾಸ ಇವನ್ನೆಲ್ಲ ನೋಡಿದ ಯಾರೇ ಆಗಲಿ ಇದೊಂದು ಆಟವೇ ಸರಿ ಎನ್ನುತ್ತಾರೆ.

ಆದರೆ 2010ರ ಜುಲೈ 21ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಫೆಡರಲ್ ನ್ಯಾಯಾಧೀಶ ಸ್ಟೆಫಾನ್ ಅಂಡರ್‌ಹಿಲ್ ಅವರು ಹಾಗೆನ್ನಲಿಲ್ಲ. ಕಾಲೇಜು ಹುಡುಗಿಯರ ಈ ‘ಸ್ಪರ್ಧಾತ್ಮಕ ಚಿಯರ್’ ಕಾನೂನಿನ ಲೆಕ್ಕಕ್ಕೆ ಆಟವಾಗಲಾರದು ಎಂದು ಅವರು ತೀರ್ಪಿತ್ತರು. ಹುಡುಗಿಯರ ಶ್ರಮದ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಅವರ ಪ್ರಶ್ನೆ ಬೇರೆಯಾಗಿತ್ತು. ಯಾರು ಯಾರ ಎದುರು, ಯಾವ ನಿಯಮದಡಿ, ಎಷ್ಟು ಸಲ ಆಡಿದರೆ ಅದನ್ನು ಸ್ಪರ್ಧೆ ಎನ್ನಬಹುದು? ಕೇಳಲು ಇದು ತರ್ಕಶಾಸ್ತ್ರದ ಚರ್ಚೆಯಂತಿದೆ. ಆದರೆ ಅದರ ಉತ್ತರದ ಮೇಲೆ ಒಂದು ವಾಲಿಬಾಲ್ ತಂಡದ ಅಳಿವು ಉಳಿವು ನಿಂತಿತ್ತು.

ಚಿಯರ್‌ಲೀಡರ್ ಎಂದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಐಪಿಎಲ್. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆ ಪಂದ್ಯಾವಳಿ ಮೊದಲಾದಾಗ ಅಮೆರಿಕದ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡವೊಂದರ ಚಿಯರ್‌ಲೀಡರ್‌ಗಳು ಇಲ್ಲಿಗೆ ಬಂದು ಕುಣಿದಿದ್ದರು. ಬೌಂಡರಿ ಹೋದಾಗ ಕುಣಿಯುವುದು, ವಿಕೆಟ್ ಬಿದ್ದಾಗ ಕುಣಿಯುವುದು ಇಷ್ಟೇ ಅವರ ಕೆಲಸ ಎಂದು ನಾವು ತಿಳಿದೆವು. ಅಮೆರಿಕದ ಕಾಲೇಜುಗಳಲ್ಲಿ ಇದರ ಇತಿಹಾಸ ಹಳೆಯದು. 1898ರ ನವೆಂಬರಿನಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯವೊಂದರಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಎದುರು ನಿಂತು ಅವರಿಂದ ಒಕ್ಕೊರಲಿನ ಘೋಷಣೆ ಹಾಕಿಸಿದ್ದೇ ಇದರ ಆರಂಭವೆನ್ನುತ್ತಾರೆ. ಆಗ ಇದು ಸಂಪೂರ್ಣವಾಗಿ ಗಂಡಸರ ಕೆಲಸ. ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್, ರೇಗನ್ ಇಬ್ಬರೂ ವಿದ್ಯಾರ್ಥಿ ದೆಸೆಯಲ್ಲಿ ಚಿಯರ್‌ಲೀಡರ್‌ಗಳಾಗಿದ್ದರು. ಐಸೆನ್‌ಹೋವರ್ ಅವರಿಗಂತೂ ಮಂಡಿಯ ಪೆಟ್ಟಿನಿಂದ ಫುಟ್‌ಬಾಲ್ ನಿಂತುಹೋದ ಮೇಲೆ ಅದು ದೊರೆತ ಬದಲಿ ಕೆಲಸ. ಹುಡುಗಿಯರು ಬಂದದ್ದು 1920ರ ದಶಕದಲ್ಲಿ. ಕ್ರಮೇಣ ಲಾಗ, ಪಿರಮಿಡ್, ಎಸೆತಗಳು ಸೇರಿಕೊಂಡವು. ತಂಡ ತಂಡಗಳ ನಡುವೆ ಪೈಪೋಟಿಗಳೂ ಶುರುವಾದವು. ಹೀಗೆ ಅಂಗಳದ ಅಂಚಿನಲ್ಲಿ ನಿಂತು ಇನ್ನೊಬ್ಬರನ್ನು ಹುರಿದುಂಬಿಸುವ ಚಿಯರ್ ಒಂದಾದರೆ, ತಾನೇ ಅಂಗಳಕ್ಕಿಳಿದು ಅಂಕ ಗಳಿಸುವ ಚಿಯರ್ ಇನ್ನೊಂದಾಯಿತು. ನ್ಯಾಯಾಲಯದ ಮುಂದೆ ಬಂದದ್ದು ಈ ಎರಡನೆಯದು.

ಮೂವತ್ತೇಳು ಪದಗಳ ಕಾಯ್ದೆ

ಕಾಲೇಜಿನ ಆಟದ ಜಗಳ ಕೋರ್ಟಿನ ಮೆಟ್ಟಿಲು ಹತ್ತಿದ್ದೇಕೆ ಎಂಬುದು ತಿಳಿಯಬೇಕಾದರೆ 1972ಕ್ಕೆ ಹೋಗಬೇಕು. ಆ ವರ್ಷದ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಶಿಕ್ಷಣ ಕಾಯ್ದೆಯ ತಿದ್ದುಪಡಿಗಳಿಗೆ ಸಹಿ ಹಾಕಿದರು. ಅದರಲ್ಲಿ ಒಂಬತ್ತನೆಯ ಭಾಗ, ಅಂದರೆ ‘ಟೈಟಲ್ ನೈನ್’, ಇಂಗ್ಲಿಷಿನಲ್ಲಿ ಕೇವಲ ಮೂವತ್ತೇಳು ಪದಗಳ ಒಂದು ವಾಕ್ಯ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು, ತಾರತಮ್ಯ ಮಾಡಬಾರದು ಎಂಬುದು ಅದರ ಸಾರ. ವಿಶೇಷವೆಂದರೆ ಆ ವಾಕ್ಯದಲ್ಲಿ ಆಟ ಎಂಬ ಪದವೇ ಇಲ್ಲ. ಆದರೂ ಅದರ ಹೆಚ್ಚಿನ ಪರಿಣಾಮ ಕಾಣಿಸಿದ್ದು ಆಟದ ಮೈದಾನದಲ್ಲಿ. ಕಾಯ್ದೆ ಬರುವ ಮುನ್ನ ಅಮೆರಿಕದ ಕಾಲೇಜು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರ ಸಂಖ್ಯೆ ಸುಮಾರು 30,000 ಮಾತ್ರ. ಇಂದು ಅದು ಲಕ್ಷಗಳಲ್ಲಿದೆ.

ಕಾಯ್ದೆಯೇನೋ ಬಂತು, ಅದನ್ನು ಅಳೆಯುವುದು ಹೇಗೆ? 1979ರಲ್ಲಿ ಸರ್ಕಾರ ಮೂರು ದಾರಿಗಳನ್ನು ಸೂಚಿಸಿತು. ವಿದ್ಯಾರ್ಥಿಗಳಲ್ಲಿ ಹುಡುಗಿಯರ ಪಾಲು ಎಷ್ಟೋ, ಆಟಗಾರರಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಇಲ್ಲವೇ ಹುಡುಗಿಯರ ಅವಕಾಶಗಳನ್ನು ಕಾಲೇಜು ಬಿಡದೆ ಹೆಚ್ಚಿಸುತ್ತ ಬಂದಿರಬೇಕು. ಅದೂ ಅಲ್ಲವಾದರೆ ಅಲ್ಲಿನ ಹುಡುಗಿಯರ ಆಸಕ್ತಿಯನ್ನು ಪೂರ್ತಿಯಾಗಿ ಪೂರೈಸಿರಬೇಕು. ಈ ಮೂರರಲ್ಲಿ ಒಂದನ್ನು ಸಾಧಿಸಿದರೂ ಸಾಕು. ಮೊದಲನೆಯ ದಾರಿ ಬರೀ ಲೆಕ್ಕ. ತಲೆ ಎಣಿಸಿ ಶೇಕಡಾವಾರು ತೆಗೆದರೆ ಮುಗಿಯಿತು. ಲೆಕ್ಕವೆಂದ ಮೇಲೆ ಅದರಲ್ಲಿ ಕೈಚಳಕಕ್ಕೂ ಎಡೆಯುಂಟು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ಕನೆಕ್ಟಿಕಟ್ಟಿನ ಹ್ಯಾಮ್ಡೆನ್ ಎಂಬಲ್ಲಿದೆ. ಖಾಸಗಿ ಸಂಸ್ಥೆ. 2009ರ ಮಾರ್ಚಿನಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಅದು ಮೂರು ತಂಡಗಳನ್ನು ರದ್ದುಮಾಡುವುದಾಗಿ ಪ್ರಕಟಿಸಿತು: ಮಹಿಳೆಯರ ವಾಲಿಬಾಲ್, ಪುರುಷರ ಗಾಲ್ಫ್ ಮತ್ತು ಪುರುಷರ ಹೊರಾಂಗಣ ಓಟದ ತಂಡ. ಅದರ ಜೊತೆಗೇ ಮಹಿಳೆಯರ ಸ್ಪರ್ಧಾತ್ಮಕ ಚಿಯರ್ ತಂಡವೊಂದನ್ನು ಹೊಸದಾಗಿ ಕಟ್ಟುವುದಾಗಿಯೂ ಹೇಳಿತು. ವಾಲಿಬಾಲಿಗಿಂತ ಚಿಯರ್ ಅಗ್ಗ. ಕಡಿಮೆ ಖರ್ಚಿನಲ್ಲಿ ಹೆಚ್ಚು ಹುಡುಗಿಯರ ತಲೆ ಲೆಕ್ಕಕ್ಕೆ ಸಿಗುತ್ತದೆ. ಆಡಳಿತ ಮಂಡಳಿಯ ದೃಷ್ಟಿಯಿಂದ ನೋಡಿದರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ವಾಲಿಬಾಲ್ ಆಟಗಾರ್ತಿಯರಿಗೆ ಅದು ಸಿಡಿಲಿನಂತೆ ಬಂತು. ಅಮೆರಿಕದಲ್ಲಿ ಎಷ್ಟೋ ಮಕ್ಕಳು ಕಾಲೇಜನ್ನು ಆರಿಸುವುದೇ ಅಲ್ಲಿನ ತಂಡ ನೋಡಿ. ನಾಲ್ಕು ವರ್ಷದ ವ್ಯಾಸಂಗದ ನಡುವೆ ತಂಡ ಮಾಯವಾದರೆ ಓದು ಬಿಟ್ಟು ಬೇರೆ ಕಾಲೇಜು ಹುಡುಕಬೇಕು, ಇಲ್ಲವೇ ಆಟ ಬಿಡಬೇಕು. ಕೆಲವು ಆಟಗಾರ್ತಿಯರು ತಮ್ಮ ತರಬೇತುದಾರ್ತಿಯೊಡನೆ ಸೇರಿ ಟೈಟಲ್ ನೈನ್ ಆಧಾರದ ಮೇಲೆ ದಾವೆ ಹೂಡಿದರು. ಗಾಲ್ಫ್ ಮತ್ತು ಓಟದ ತಂಡಗಳ ಹುಡುಗರಿಗಾದ ನಷ್ಟವೂ ನಷ್ಟವೇ. ಆದರೆ ಅವರ ನೆರವಿಗೆ ಬರುವಂಥ ಲೆಕ್ಕ ಯಾವುದೂ ಇರಲಿಲ್ಲ. ಈ ಕಾಯ್ದೆಯ ಬಗ್ಗೆ ಅಮೆರಿಕದಲ್ಲಿ ಇಂದಿಗೂ ಕೇಳಿಬರುವ ಆಕ್ಷೇಪಗಳಲ್ಲಿ ಇದೂ ಒಂದು. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಚಾಪೆ ಮತ್ತು ರಂಗೋಲಿ

ಮೊದಲ ವಿಚಾರಣೆಯಲ್ಲೇ ಒಂದು ಸ್ವಾರಸ್ಯದ ಸಂಗತಿ ಹೊರಬಿತ್ತು. ಅಮೆರಿಕದ ಕಾಲೇಜುಗಳು ತಮ್ಮ ತಂಡಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಪ್ರತಿ ವರ್ಷ ಸರ್ಕಾರಕ್ಕೆ ವರದಿ ಮಾಡಬೇಕು. ಎಣಿಸುವ ದಿನ ಯಾವುದು? ಆ ಋತುವಿನ ಮೊದಲ ಪಂದ್ಯದ ದಿನ. ನಮ್ಮ ಶಾಲೆಗಳಲ್ಲಿ ಇನ್‌ಸ್ಪೆಕ್ಟರ್ ಬರುವ ದಿನ ಹಾಜರಿ ತುಂಬಿರುತ್ತದಲ್ಲ, ಹಾಗೆಯೇ ಆಯಿತು ಇಲ್ಲಿಯೂ. ಪುರುಷರ ಬೇಸ್‌ಬಾಲ್ ಮತ್ತು ಲಕ್ರಾಸ್ ತಂಡಗಳಿಂದ ಕೆಲವರ ಹೆಸರನ್ನು ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ ತೆಗೆದುಹಾಕಿ, ಎಣಿಕೆ ಮುಗಿದ ಮೇಲೆ ಮತ್ತೆ ಸೇರಿಸಿಕೊಳ್ಳಲಾಗುತ್ತಿತ್ತು. ಮಹಿಳೆಯರ ಸಾಫ್ಟ್‌ಬಾಲಿನಲ್ಲಿ ಇದರ ತಿರುವುಮುರುವು. ಎಣಿಕೆಗೆ ಮುನ್ನ ಹುಡುಗಿಯರನ್ನು ಸೇರಿಸಿ, ಆಮೇಲೆ ಕೈಬಿಡಲಾಗುತ್ತಿತ್ತು. ಕಾಗದದ ಮೇಲೆ ಗಂಡು ಹೆಣ್ಣಿನ ಪಾಲು ತಕ್ಕಡಿಯಂತೆ ಸಮನಾಗಿತ್ತು. ಮೈದಾನದಲ್ಲಿ ಮಾತ್ರ ಬೇರೆ ಚಿತ್ರ. ಸರ್ಕಾರ ಚಾಪೆಯ ಕೆಳಗೆ ತೂರಿದರೆ ಕಾಲೇಜು ರಂಗೋಲಿಯ ಕೆಳಗೆ ತೂರಿತ್ತು. 2009ರ ಮೇ ತಿಂಗಳಲ್ಲಿ ನ್ಯಾಯಾಧೀಶರು ವಾಲಿಬಾಲ್ ತಂಡವನ್ನು ಸದ್ಯಕ್ಕೆ ರದ್ದುಮಾಡಕೂಡದೆಂದು ತಡೆಯಾಜ್ಞೆ ಕೊಟ್ಟರು.

ಆ ಬಳಿಕ ವಿಶ್ವವಿದ್ಯಾಲಯ ತನ್ನ ಪಟ್ಟಿಗಳನ್ನು ಸರಿಪಡಿಸಿಕೊಂಡಿತು. 2009-10ರಲ್ಲಿ ಅದರ ವಿದ್ಯಾರ್ಥಿಗಳ ಪೈಕಿ ಹುಡುಗಿಯರು ಶೇ. 61.87. ಆಟಗಾರರಲ್ಲಿ ಹುಡುಗಿಯರು ಶೇ. 62.27 ಎಂದು ಅದು ಲೆಕ್ಕ ಒಪ್ಪಿಸಿತು. ಅಂದರೆ ಬೇಕಾದ್ದಕ್ಕಿಂತ ತುಸು ಹೆಚ್ಚೇ! ಈ ಲೆಕ್ಕದಲ್ಲಿ ಚಿಯರ್ ತಂಡದ 30 ಹುಡುಗಿಯರೂ ಸೇರಿದ್ದರು. ಹಾಗಾಗಿ ಎರಡನೆಯ ಸುತ್ತಿನ ವಿಚಾರಣೆ ಒಂದೇ ಪ್ರಶ್ನೆಯ ಸುತ್ತ ತಿರುಗಿತು. ಆ ಮೂವತ್ತು ಮಂದಿ ಮಾಡುತ್ತಿದ್ದುದು ಕ್ರೀಡಾ ಸ್ಪರ್ಧೆಯೇ, ಅಲ್ಲವೇ?

ಇಂಥ ಪ್ರಶ್ನೆ ಬಂದಾಗ ಏನೇನು ನೋಡಬೇಕೆಂದು ಅಮೆರಿಕದ ಶಿಕ್ಷಣ ಇಲಾಖೆ 2008ರ ಸೆಪ್ಟೆಂಬರಿನಲ್ಲಿ ಸುತ್ತೋಲೆಯೊಂದನ್ನು ಹೊರಡಿಸಿತ್ತು. ಅದರಲ್ಲಿ ಬೆವರು, ಸ್ನಾಯು, ಕೌಶಲಗಳ ಮಾತು ಕಡಿಮೆ. ತಂಡಕ್ಕೆ ಪ್ರತ್ಯೇಕ ಆಯವ್ಯಯವಿದೆಯೇ, ತರಬೇತುದಾರರಿದ್ದಾರೆಯೇ, ಆಟಗಾರರನ್ನು ಪ್ರತಿಭೆ ನೋಡಿ ಆರಿಸುತ್ತಾರೆಯೇ, ಪಂದ್ಯಗಳ ಸಂಖ್ಯೆ ಮತ್ತು ಋತುವಿನ ಅವಧಿ ಮೊದಲೇ ನಿಗದಿಯಾಗಿದೆಯೇ, ಆ ಋತುವಿನ ಫಲಿತಾಂಶ ನೋಡಿ ಅಂತಿಮ ಸುತ್ತಿಗೆ ಆಯ್ಕೆಯಾಗುತ್ತದೆಯೇ ಎಂಬಂಥ ಪ್ರಶ್ನೆಗಳೇ ಹೆಚ್ಚು. ಕೊನೆಗೆ ಒಂದು ಮುಖ್ಯ ಪ್ರಶ್ನೆ: ತಂಡ ಇರುವುದು ಸ್ಪರ್ಧಿಸುವುದಕ್ಕೋ, ಅಥವಾ ಬೇರೆ ಆಟಗಾರರನ್ನು ಬೆಂಬಲಿಸುವುದಕ್ಕೋ?

ಈ ಪಟ್ಟಿ ಹಿಡಿದು ನ್ಯಾಯಾಧೀಶರು ಚಿಯರ್ ತಂಡವನ್ನು ಪರೀಕ್ಷಿಸಿದರು. ಹಲವು ಉತ್ತರಗಳು ತಂಡದ ಪರವಾಗಿಯೇ ಇದ್ದವು. ಅವರಿಗೆ ಪೂರ್ಣಕಾಲದ ತರಬೇತಿಯಿತ್ತು, ಸಮವಸ್ತ್ರವಿತ್ತು, ಅಭ್ಯಾಸದ ವೇಳಾಪಟ್ಟಿಯಿತ್ತು. ಅವರು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಅಂಚಿನಲ್ಲಿ ಕುಣಿಯುತ್ತಿರಲಿಲ್ಲ. ಆ ಕೆಲಸಕ್ಕೆ ಬೇರೆ ತಂಡವಿತ್ತು. ಇವರು ಇದ್ದದ್ದು ಸ್ಪರ್ಧೆಗಾಗಿಯೇ. ಇಲ್ಲಿಯವರೆಗೆ ಎಲ್ಲವೂ ಸರಿ.

ತೊಡಕು ಬಂದದ್ದು ಎದುರಾಳಿಗಳ ಪಟ್ಟಿ ನೋಡಿದಾಗ. ವಾಲಿಬಾಲ್ ತಂಡ ಆಡುವುದು ಇನ್ನೊಂದು ಕಾಲೇಜಿನ ವಾಲಿಬಾಲ್ ತಂಡದ ಎದುರು. ಚಿಯರ್ ತಂಡದ ಎದುರಾಳಿಗಳು ಮಾತ್ರ ಬಗೆಬಗೆಯವರು. ಕೆಲವು ಕಾಲೇಜುಗಳ ಹವ್ಯಾಸಿ ಕ್ಲಬ್ಬುಗಳು. ಕೆಲವು ಅಂಗಳದ ಅಂಚಿನಲ್ಲಿ ಹುರಿದುಂಬಿಸುವ ಮಾಮೂಲಿ ಚಿಯರ್ ತಂಡಗಳು. ಇನ್ನು ಕೆಲವು ಯಾವ ಶಿಕ್ಷಣ ಸಂಸ್ಥೆಗೂ ಸೇರದ ಖಾಸಗಿ ತಂಡಗಳು, ಅವುಗಳಲ್ಲಿ ಹೈಸ್ಕೂಲು ವಯಸ್ಸಿನವರೂ ಇದ್ದಿರಬಹುದು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ಈ ಆಟವನ್ನು ಮಾನ್ಯ ಮಾಡಿರಲಿಲ್ಲ. ಇತರ ತಂಡಗಳ ತರಬೇತುದಾರರು ಊರೂರು ತಿರುಗಿ ಪ್ರತಿಭಾವಂತರನ್ನು ಹುಡುಕಿ ತರುವಂತೆ ಚಿಯರ್ ತಂಡದ ತರಬೇತುದಾರರು ಮಾಡುವಂತಿರಲಿಲ್ಲ. ಋತುವಿನ ಕೊನೆಯ ರಾಷ್ಟ್ರೀಯ ಕೂಟಕ್ಕೆ ಅರ್ಹತೆಯ ಮೆಟ್ಟಿಲುಗಳೂ ಇರಲಿಲ್ಲ. ಪ್ರವೇಶ ಪಡೆದವರೆಲ್ಲ ಹೋಗಬಹುದಿತ್ತು.

ಎಲ್ಲಕ್ಕಿಂತ ದೊಡ್ಡ ಕೊರತೆ ಅಂಕ ಕೊಡುವ ವಿಧಾನದ್ದು. ಆ ವರ್ಷ ತಂಡ ಭಾಗವಹಿಸಿದ ಹತ್ತು ಸ್ಪರ್ಧೆಗಳಲ್ಲಿ ಐದು ಬೇರೆ ಬೇರೆ ಅಂಕಪದ್ಧತಿಗಳು ಬಳಕೆಯಾಗಿದ್ದವು. ಒಂದು ಕಡೆ ಲಾಗಕ್ಕೆ ಹೆಚ್ಚು ಬೆಲೆ, ಇನ್ನೊಂದು ಕಡೆ ಅದಕ್ಕೆ ಬೇರೆಯೇ ತೂಕ. ಕೆಲವೆಡೆ ಪ್ರೇಕ್ಷಕರ ಉತ್ಸಾಹ ಕೆರಳಿಸುವುದಕ್ಕೂ, ಫಲಕ ಮತ್ತು ಕಹಳೆಗಳನ್ನು ಬಳಸುವುದಕ್ಕೂ ಅಂಕ! ಪ್ರಯೋಗಾಲಯದಲ್ಲಿ ದುಡಿದವರಿಗೆ ಇದರ ದೋಷ ಥಟ್ಟನೆ ಹೊಳೆಯುತ್ತದೆ. ಸೋಮವಾರ ಒಂದು ಅಳತೆಗೋಲು, ಮಂಗಳವಾರ ಇನ್ನೊಂದು ಅಳತೆಗೋಲು ಬಳಸಿದರೆ ಎರಡು ದಿನದ ಫಲಿತಾಂಶಗಳನ್ನು ಹೋಲಿಸುವಂತಿಲ್ಲ. ಅಳೆಯಲ್ಪಟ್ಟ ವಸ್ತುವಿನಲ್ಲಿ ಕೊರತೆಯಿಲ್ಲ, ಕೊರತೆ ಅಳತೆಯಲ್ಲಿ. ಹಳ್ಳಿಯ ಸಂತೆಯಲ್ಲಿ ಒಬ್ಬೊಬ್ಬ ವ್ಯಾಪಾರಿಯ ಸೇರು ಒಂದೊಂದು ಗಾತ್ರದ್ದಾದರೆ ಯಾರ ಬಳಿ ಅಗ್ಗವೆಂದು ಹೇಳುವುದು ಹೇಗೆ?

ನ್ಯಾಯಾಧೀಶರ ತೀರ್ಮಾನವೂ ಇದೇ ದಿಕ್ಕಿನದು. ಸ್ಪರ್ಧಾತ್ಮಕ ಚಿಯರ್ ಮುಂದೊಂದು ದಿನ ಕಾನೂನಿನ ಕಣ್ಣಿನಲ್ಲೂ ಆಟವಾಗಬಹುದು. ಆದರೆ ಈಗ ಅದು ಇನ್ನೂ ಬೆಳೆಯದ, ಸಂಘಟನೆಯಿಲ್ಲದ ಸ್ಥಿತಿಯಲ್ಲಿದೆ. ಆದ್ದರಿಂದ ಅದರ ಮೂವತ್ತು ಸ್ಥಾನಗಳನ್ನು ನಿಜವಾದ ಕ್ರೀಡಾವಕಾಶಗಳೆಂದು ಎಣಿಸಲಾಗದು ಎಂದರು. ‘ಈಗ’ ಎಂಬ ಮಾತು ಆ ತೀರ್ಪಿನಲ್ಲಿ ಮುಖ್ಯ. ಪತ್ರಿಕೆಗಳ ತಲೆಬರಹಗಳಲ್ಲಿ ಅದು ಉದುರಿಹೋಯಿತು. ಚಿಯರ್‌ಲೀಡಿಂಗ್ ಆಟವಲ್ಲ ಎಂದಷ್ಟೇ ದೇಶವೆಲ್ಲ ಓದಿತು. ಅಷ್ಟು ಕಷ್ಟಪಟ್ಟ ಮೂವತ್ತು ಹುಡುಗಿಯರಿಗೆ ಅದನ್ನು ಓದಿ ಹೇಗಾಗಿರಬೇಕು! ಮೊಕದ್ದಮೆ ವಾಲಿಬಾಲಿನವರಿಗೂ ಕಾಲೇಜಿಗೂ ನಡುವೆ. ಇವರು ಅದರಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ.

ಒಬ್ಬಳು ಹುಡುಗಿ, ಮೂರು ತಲೆ

ಲೆಕ್ಕದಲ್ಲಿ ಇನ್ನೊಂದು ಗಂಟಿತ್ತು. ವಿಶ್ವವಿದ್ಯಾಲಯದ ಮಹಿಳೆಯರ ಗುಡ್ಡಗಾಡು ಓಟದ ತಂಡದಲ್ಲಿ 18 ಮಂದಿ. ಅವರೆಲ್ಲರೂ ಒಳಾಂಗಣ ಓಟದ ತಂಡಕ್ಕೂ ಹೊರಾಂಗಣ ಓಟದ ತಂಡಕ್ಕೂ ಸೇರಲೇಬೇಕೆಂಬ ಕಟ್ಟುಪಾಡು. ಮೂರೂ ಬೇರೆ ಬೇರೆ ಆಟಗಳೆಂದು ಪಟ್ಟಿಯಲ್ಲಿರುವುದರಿಂದ ಒಬ್ಬಳೇ ಹುಡುಗಿ ಮೂರು ತಲೆಯಾಗಿ ಎಣಿಕೆಯಾಗುತ್ತಾಳೆ. ಇದು ತಾನಾಗಿಯೇ ತಪ್ಪಲ್ಲ. ಮೂರರಲ್ಲೂ ನಿಜವಾಗಿ ಓಡುವವಳನ್ನು ಮೂರು ಸಲ ಎಣಿಸುವುದು ನ್ಯಾಯವೇ. ಆದರೆ ಕಾಲಿಗೆ ಪೆಟ್ಟಾಗಿ ಓಡಲಾಗದವರು, ‘ರೆಡ್‌ಶರ್ಟ್’ ಆಗಿ ಕುಳಿತವರು ಕೂಡ ಪಟ್ಟಿಯಲ್ಲಿದ್ದರು.

ರೆಡ್‌ಶರ್ಟ್ ಎಂಬುದು ನಮಗೆ ಹೊಸ ಮಾತು. ಆ ಕಾಲದ ಎನ್‌ಸಿಎಎ ಮೊದಲ ಶ್ರೇಣಿಯ ನಿಯಮದಂತೆ ವಿದ್ಯಾರ್ಥಿಗೆ ಐದು ವರ್ಷದೊಳಗೆ ನಾಲ್ಕು ಋತು ಆಡುವ ಅವಕಾಶ. ಅಭ್ಯಾಸ ಎಷ್ಟು ಮಾಡಿದರೂ ಋತು ಖರ್ಚಾಗುವುದಿಲ್ಲ. ಆದರೆ ಸಾಮಾನ್ಯ ನಿಯಮದ ಪ್ರಕಾರ, ಹೊರಗಿನ ತಂಡದ ಎದುರು ಒಂದೇ ಒಂದು ನಿಮಿಷ ಕಣಕ್ಕಿಳಿದರೂ ಒಂದು ಇಡೀ ಋತು ಖರ್ಚು. ಹಾಗಾಗಿ ಪೆಟ್ಟಾದವರು, ಇನ್ನೂ ಪಳಗದವರು ಒಂದು ವರ್ಷ ಸ್ಪರ್ಧೆಯಿಂದ ದೂರವಿದ್ದು ಅಭ್ಯಾಸ ಮಾಡುತ್ತ ತಮ್ಮ ಋತುವನ್ನು ಉಳಿಸಿಕೊಳ್ಳುತ್ತಾರೆ. ಅಭ್ಯಾಸ ಬೇರೆ, ಸ್ಪರ್ಧೆ ಬೇರೆ ಎಂಬ ಗೆರೆಯನ್ನು ಅವರು ಅಷ್ಟು ಕಟ್ಟುನಿಟ್ಟಾಗಿ ಎಳೆದಿದ್ದಾರೆ. (2018ರಲ್ಲಿ ಫುಟ್‌ಬಾಲಿಗೆ ಸಡಿಲಿಕೆ ಬಂದು, ನಾಲ್ಕು ಪಂದ್ಯಗಳವರೆಗೆ ಆಡಿದರೂ ಋತು ಉಳಿಯುವಂತಾಯಿತು.) ಓಟದ ಪಟ್ಟಿಯಲ್ಲಿ ಹೀಗೆ ಬರೀ ಹೆಸರಿಗಿದ್ದ 11 ಸ್ಥಾನಗಳನ್ನು ನ್ಯಾಯಾಧೀಶರು ಕಳೆದರು.

ಚಿಯರಿನ 30, ಓಟದ 11 ಹೋದ ಮೇಲೆ ಆಟಗಾರರಲ್ಲಿ ಹುಡುಗಿಯರ ಪಾಲು ಶೇ. 58.25ಕ್ಕೆ ಇಳಿಯಿತು. ವಿದ್ಯಾರ್ಥಿಗಳಲ್ಲಿ ಅವರ ಪಾಲಿಗೆ ಹೋಲಿಸಿದರೆ ಕೊರತೆ ಶೇ. 3.62. ಕೇಳಲು ಸಣ್ಣದು. ಇಷ್ಟು ಅಂತರಕ್ಕೆ ಒಂದು ವಿಶ್ವವಿದ್ಯಾಲಯವನ್ನು ತಪ್ಪಿತಸ್ಥನೆನ್ನಬೇಕೇ ಎಂದು ಯಾರಿಗಾದರೂ ಅನ್ನಿಸಬಹುದು.

ಇಲ್ಲೊಂದು ಲೆಕ್ಕವಿದೆ. ಹತ್ತನೆಯ ತರಗತಿಯ ಮಕ್ಕಳು ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು. ಲೆಕ್ಕಕ್ಕೆ ಉಳಿದ ಆಟಗಾರರು ಒಟ್ಟು 400, ಅವರಲ್ಲಿ ಹುಡುಗಿಯರು 233 ಎಂದಿಟ್ಟುಕೊಳ್ಳಿ, ಶೇ. 58.25 ಬರುತ್ತದೆ. ಕೊರತೆ ಶೇ. 3.62 ಎಂದರೆ ನಾಲ್ಕು ನೂರರಲ್ಲಿ ಹದಿನಾಲ್ಕೂವರೆ. ಹದಿನೈದು ಹುಡುಗಿಯರನ್ನು ಸೇರಿಸಿದರೆ ಸರಿಹೋಯಿತು ಎಂದು ಅವಸರದ ವಿದ್ಯಾರ್ಥಿ ಹೇಳುತ್ತಾನೆ. ಸೇರಿಸಿ ನೋಡಿ. ಹುಡುಗಿಯರು 248, ಒಟ್ಟು 415. ಪಾಲು ಶೇ. 59.76 ಮಾತ್ರ. ಸೇರಿದ ಪ್ರತಿಯೊಬ್ಬ ಹುಡುಗಿಯೂ ಅಂಶದಲ್ಲಿ ಮಾತ್ರವಲ್ಲ, ಛೇದದಲ್ಲೂ ಸೇರುತ್ತಾಳೆ ಎಂಬುದನ್ನು ಅವನು ಮರೆತ. ಸರಿಯಾದ ಸಂಖ್ಯೆ 38. ಆಗ 438ರಲ್ಲಿ 271, ಅಂದರೆ ಶೇ. 61.87. ನ್ಯಾಯಾಲಯ ಹೇಳಿದ್ದೂ 38 ಎಂದೇ. ಒಂದು ವಾಲಿಬಾಲ್ ತಂಡಕ್ಕೆ ಬೇಕಾದವರ ಎರಡು ಪಟ್ಟಿಗೂ ಹೆಚ್ಚು! ಕಣ್ಣಿಗೆ ಸಣ್ಣದಾಗಿ ಕಂಡ ಶೇಕಡಾವಾರಿನೊಳಗೆ ಎರಡು ತಂಡಗಳ ಹುಡುಗಿಯರು ಅಡಗಿದ್ದರು. ವಾಲಿಬಾಲ್ ತಂಡವನ್ನು ರದ್ದು ಮಾಡುವುದು ಕಾಯ್ದೆಯ ಉಲ್ಲಂಘನೆ ಎಂದು ತೀರ್ಪಾಯಿತು.

ವಿಶ್ವವಿದ್ಯಾಲಯ ಮೇಲ್ಮನವಿ ಸಲ್ಲಿಸಿತು. 2012ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದೇ ತೀರ್ಪನ್ನು ಎತ್ತಿಹಿಡಿಯಿತು. 2013ರಲ್ಲಿ ಎರಡೂ ಪಕ್ಷಗಳು ರಾಜಿಯಾದವು, ವಾಲಿಬಾಲ್ ಉಳಿಯಿತು. ದಾವೆ ಹೂಡಿದವರ ಕಾಲೇಜು ದಿನಗಳು ಅಷ್ಟರಲ್ಲಿ ಹೆಚ್ಚು ಕಡಿಮೆ ಮುಗಿದೇ ಹೋಗಿದ್ದವು.

ಅಂಗಳಕ್ಕಿಳಿದ ಮೇಲೆ

ಆಟವೆನ್ನಿಸಿಕೊಳ್ಳದಿದ್ದರೆ ನಷ್ಟವೇನು ಎಂದು ಕೇಳಬಹುದು. ಗೌರವದ ಮಾತು ಹಾಗಿರಲಿ, ಮೈಗೆ ಸಂಬಂಧಿಸಿದ ನಷ್ಟವೇ ಇದೆ. ಅಮೆರಿಕದಲ್ಲಿ ಹೈಸ್ಕೂಲು ಮತ್ತು ಕಾಲೇಜು ಹುಡುಗಿಯರಿಗೆ ಆಗುವ ತಲೆ ಮತ್ತು ಕತ್ತಿನ ಭೀಕರ ಪೆಟ್ಟುಗಳಲ್ಲಿ ಚಿಯರ್‌ಲೀಡಿಂಗಿನ ಪಾಲು ದೊಡ್ಡದು. ಆಟವೆಂದು ಮಾನ್ಯವಾದರೆ ಅಭ್ಯಾಸದ ಗಂಟೆಗಳಿಗೆ ಮಿತಿ, ಅರ್ಹ ತರಬೇತುದಾರರು, ಮೆತ್ತೆ ಹಾಸಿದ ನೆಲ, ವೈದ್ಯಕೀಯ ತಪಾಸಣೆ ಇವೆಲ್ಲ ಕಡ್ಡಾಯವಾಗುತ್ತವೆ. ಚಟುವಟಿಕೆ ಎಂದು ಬಿಟ್ಟರೆ ಶಾಲೆಯ ಮರ್ಜಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಚಿಯರ್‌ಲೀಡಿಂಗನ್ನು ಕ್ರೀಡೆಯೆಂದು ಪರಿಗಣಿಸಬೇಕೆಂದು ಒತ್ತಾಯಿಸಿದ್ದು ಈ ಕಾರಣಕ್ಕೇ. ನ್ಯಾಯಾಧೀಶರು ಲೆಕ್ಕಕ್ಕಾಗಿ ಬೇಡವೆಂದದ್ದನ್ನು ವೈದ್ಯರು ಮೂಳೆಗಾಗಿ ಬೇಕೆಂದರು. ಇಬ್ಬರ ಮಾತಿನಲ್ಲೂ ಹುರುಳಿತ್ತು.

ನಮ್ಮಲ್ಲಿ ಯೋಗಾಸನದ ಕಥೆಯೂ ಸ್ವಲ್ಪ ಹೀಗೆಯೇ. ಮೈಸೂರಿನಂಥ ಊರಿನಲ್ಲಿ ಆಸನಗಳ ಪ್ರದರ್ಶನ, ಶಾಲಾ ಮಟ್ಟದ ಸ್ಪರ್ಧೆಗಳು ಹಿಂದಿನಿಂದಲೂ ಇದ್ದವು. ಆದರೆ ಕೇಂದ್ರ ಕ್ರೀಡಾ ಸಚಿವಾಲಯ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿದ್ದು 2020ರ ಡಿಸೆಂಬರಿನಲ್ಲಿ. ರಾಷ್ಟ್ರಮಟ್ಟದ ಒಕ್ಕೂಟ ಮೂಡಿದ ಮೇಲಷ್ಟೇ ಈ ಮಾನ್ಯತೆ ಬಂತು. ಯೋಗವನ್ನು ಅಂಕ ಹಾಕಿ ಅಳೆಯಬಹುದೇ ಎಂಬ ಹಿರಿಯರ ಗೊಣಗಾಟ ಬೇರೆ ವಿಷಯ. ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟಿಗೆ ಅರ್ಜಿ ಹಾಕಿದ ಮಕ್ಕಳ ತಂದೆತಾಯಿಯರಿಗೆ ಮಾತ್ರ ಈ ಮಾನ್ಯತೆ ಎಂಬ ಪದದ ತೂಕ ಚೆನ್ನಾಗಿ ಗೊತ್ತು. ಗೋಡೆ ತುಂಬ ಪ್ರಮಾಣಪತ್ರಗಳಿದ್ದರೂ, ಕೂಟ ನಡೆಸಿದ ಸಂಸ್ಥೆ ಮಾನ್ಯವಲ್ಲದಿದ್ದರೆ ಪರಿಶೀಲನೆಯ ಮೇಜಿನ ಮೇಲೆ ಅವು ಬರಿಯ ಕಾಗದ.

ಅಮೆರಿಕದ ಚಿಯರ್ ತಂಡಗಳವರು ತೀರ್ಪು ಕೇಳಿ ಕೈಕಟ್ಟಿ ಕೂರಲಿಲ್ಲ. ನ್ಯಾಯಾಲಯ ಏನೇನು ಇಲ್ಲವೆಂದಿತೋ ಅದನ್ನೇ ಕಟ್ಟತೊಡಗಿದರು. ಕ್ವಿನಿಪಿಯಾಕ್ ಸೇರಿದಂತೆ ಕೆಲವು ವಿಶ್ವವಿದ್ಯಾಲಯಗಳು ಕೂಡಿ ‘ಅಕ್ರೊಬ್ಯಾಟಿಕ್ಸ್ ಅಂಡ್ ಟಂಬ್ಲಿಂಗ್’ ಎಂಬ ಆಟವನ್ನು ರೂಪಿಸಿದವು. ಅದರಲ್ಲಿ ಫಲಕವಿಲ್ಲ, ಕಹಳೆಯಿಲ್ಲ, ಘೋಷಣೆಯಿಲ್ಲ. ಎರಡು ಕಾಲೇಜು ತಂಡಗಳು ಎದುರುಬದುರಾಗಿ ಆರು ವಿಭಾಗಗಳಲ್ಲಿ ಸೆಣಸುತ್ತವೆ. ಕಡ್ಡಾಯ ಕಸರತ್ತು, ಪಿರಮಿಡ್, ಎಸೆತ, ಲಾಗ ಮುಂತಾಗಿ. ಯಾವ ಊರಿನಲ್ಲಿ ಪಂದ್ಯ ನಡೆದರೂ ಅಂಕದ ಪುಸ್ತಕ ಒಂದೇ.

ಇನ್ನೊಂದು ಕವಲು ‘ಸ್ಟಂಟ್’. ಇದರ ಯೋಜನೆ ಇನ್ನೂ ಸ್ವಾರಸ್ಯದ್ದು. ಪಂದ್ಯದಲ್ಲಿ ನಾಲ್ಕು ಪಾದಗಳು. ಮೊದಲ ಮೂರರಲ್ಲಿ ಎರಡೂ ತಂಡಗಳು ಮೊದಲೇ ನಿಗದಿಯಾದ ಒಂದೇ ಕಸರತ್ತನ್ನು ಒಂದೇ ಹೊತ್ತಿನಲ್ಲಿ ಅಕ್ಕಪಕ್ಕದಲ್ಲಿ ಮಾಡಿ ತೋರಿಸಬೇಕು. ಯಾರು ಹೆಚ್ಚು ಅಚ್ಚುಕಟ್ಟಾಗಿ ಮಾಡಿದರೋ ಅವರಿಗೆ ಅಂಕ. ಕೊನೆಯ ಪಾದದಲ್ಲಿ ಹಿಂದೆ ಮಾಡಿದ ಕಸರತ್ತುಗಳನ್ನು ಹೆಣೆದ ಇಡೀ ತಂಡದ ಪ್ರಯೋಗ. ಎರಡು ಮೇಜುಗಳ ಮೇಲೆ ಒಂದೇ ಪ್ರಯೋಗವನ್ನು ಒಟ್ಟಿಗೆ ಮಾಡಿಸಿ ಹೋಲಿಸಿದಂತೆ. ಯಾರ ಉಡುಪು ಚೆಂದ, ಯಾರ ನಗೆ ಚೆಂದ, ಯಾರ ಸಂಗೀತ ಚೆಂದ ಎಂಬ ಗೊಂದಲಕ್ಕೆ ಇಲ್ಲಿ ಎಡೆ ಬಹಳ ಕಡಿಮೆ.

ಎನ್‌ಸಿಎಎ 2020ರಲ್ಲಿ ಅಕ್ರೊಬ್ಯಾಟಿಕ್ಸ್ ಅಂಡ್ ಟಂಬ್ಲಿಂಗನ್ನು ಮಹಿಳೆಯರ ಉದಯೋನ್ಮುಖ ಕ್ರೀಡೆಗಳ ಪಟ್ಟಿಗೆ ಸೇರಿಸಿಕೊಂಡಿತು. ಸ್ಟಂಟ್ ಕೂಡ ಶ್ರೇಣಿ ಶ್ರೇಣಿಯಾಗಿ ಆ ಪಟ್ಟಿ ಸೇರಿ, 2023ರಲ್ಲಿ ಮೊದಲ ಶ್ರೇಣಿಯವರೆಗೆ ಬಂತು. ಉದಯೋನ್ಮುಖ ಎಂದರೆ ಅರ್ಧ ಬಾಗಿಲು ತೆರೆದಂತೆ. 40 ಕಾಲೇಜುಗಳಲ್ಲಿ ಅಧಿಕೃತ ತಂಡಗಳಿದ್ದರೆ ಮುಂದೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಅರ್ಹತೆ. ಅತ್ತ 2021ರ ಜುಲೈನಲ್ಲಿ ಟೋಕಿಯೊದಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಚಿಯರ್‌ನ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ನೀಡಿತು.

ಹ್ಯಾಮ್ಡೆನ್ನಿನ ಆ ವಿಶ್ವವಿದ್ಯಾಲಯದಲ್ಲಿ ಮಹಿಳೆಯರ ವಾಲಿಬಾಲ್ ತಂಡ ಆಮೇಲೂ ಆಡುತ್ತ ಬಂತು. ಅದರ ಜೊತೆಗೇ, 2010ರಲ್ಲಿ ಆಟವಲ್ಲವೆನ್ನಿಸಿಕೊಂಡ ತಂಡದ ಮುಂದುವರಿದ ರೂಪವಾಗಿ, ಅಕ್ರೊಬ್ಯಾಟಿಕ್ಸ್ ಅಂಡ್ ಟಂಬ್ಲಿಂಗ್ ತಂಡವೂ ಅಲ್ಲಿ ಬೆಳೆಯಿತು. ಈಗ ಅದರ ಹುಡುಗಿಯರನ್ನು ಎಣಿಸುವಾಗ ಯಾರೂ ತಕರಾರು ತೆಗೆಯುತ್ತಿಲ್ಲ.